ಮೂವತ್ತೆಂಟು ಬಾಗಿಲು, ಎಂಟು ಕೈ

ಇಲಕಲ್ಲಿನ ಕಲ್ಲುಗಣಿ, ಹೊರಕೋಣೆ
ವರ್ಷ 2203, ಹದಿಮೂರನೆಯ ತಿಂಗಳು, ಇಪ್ಪತ್ತೊಂಬತ್ತನೆಯ ದಿನ

ಸ್ಟಿಕ್ಕರಿನ ಮೇಲೆ ಬರೆದವರಿಗೆ ನಮಸ್ಕಾರ.

ಮೊದಲು ತಾರೀಖಿನ ಬಗ್ಗೆ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಇಂಥ ದಿನ ಸಿಗುವುದಿಲ್ಲ. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು, ಪ್ರತಿ ತಿಂಗಳಿಗೂ ಇಪ್ಪತ್ತೆಂಟೇ ದಿನ. ಹಾಗೆ ಕೂಡಿಸುತ್ತ ಹೋದರೆ ಕೊನೆಗೆ ಒಂದು ದಿನ ಉಳಿಯುತ್ತದೆ. ಅದು ಯಾವ ವಾರಕ್ಕೂ ಸೇರುವುದಿಲ್ಲ. ಅದಕ್ಕೆ ಉಳಿಕೆ ದಿನ ಎಂದು ಹೆಸರು. ಅಂದು ಮಗ್ಗಗಳು ನಿಲ್ಲುತ್ತವೆ, ಊರೂರಿನ ನಡುವಿನ ತಂತಿಯಲ್ಲಿ ಮಾತು ಹರಿಯುವುದಿಲ್ಲ. ಅಕ್ಷರ ಬಲ್ಲವರೆಲ್ಲ, ತಮಗೆ ಎಂದೂ ಉತ್ತರ ಬರೆಯಲಾಗದ ಒಬ್ಬರಿಗೆ ಒಂದು ಕಾಗದ ಬರೆಯಬೇಕೆಂಬುದು ನಮ್ಮ ರೂಢಿ. ಹೆಚ್ಚಿನವರು ತೀರಿಕೊಂಡ ಅಜ್ಜಿಗೆ ಬರೆಯುತ್ತಾರೆ, ಕೆಲವರು ಇನ್ನೂ ಹುಟ್ಟದ ಮೊಮ್ಮಗಳಿಗೆ. ನಾನು ಈ ಸಲ ನಿಮಗೆ ಬರೆಯುತ್ತಿದ್ದೇನೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ನಾನು ಶಾಲೆಗೆ ಹೋದದ್ದು ನಾಲ್ಕು ವರ್ಷ. ಉಳಿದದ್ದನ್ನೆಲ್ಲ ಕಲಿತದ್ದು ಕರಪತ್ರಗಳಿಂದ, ನಿಮ್ಮ ಕಾಲದವೂ ಸೇರಿ. ಅದಕ್ಕೇ ಕೆಲವು ಸಾಲು ಘೋಷಣೆಯಂತೆ ಕೇಳಿಸಬಹುದು.

ನಿಮ್ಮ ಹೆಸರು ನನಗೆ ಗೊತ್ತಿಲ್ಲ, ಕೈಬರಹ ಮಾತ್ರ ಗೊತ್ತು. ನಿಮ್ಮ ಕಾಲದಲ್ಲಿ ಆಡಿಯೋ ಕನ್ವರ್ಟರ್ ಎನ್ನುತ್ತಿದ್ದ ಒಂದು ಕಬ್ಬಿಣದ ಪೆಟ್ಟಿಗೆಯ ತಳದಲ್ಲಿ ಬಿಳಿಯ ಸ್ಟಿಕ್ಕರ್ ಅಂಟಿಸಿ, ನೀಲಿ ಬಾಲ್‌ಪೆನ್ನಿನಲ್ಲಿ ಎರಡು ಸಾಲು ಬರೆದವರು ನೀವು. ಮೊದಲ ಸಾಲು ಪಾಸ್‌ವರ್ಡ್: ಸುನಂದಾ ಎಂಬ ಹೆಸರು, ಅದರ ಹಿಂದೆ 1968. ಸುನಂದಾ ನಿಮ್ಮ ಹೆಂಡತಿಯೋ ತಾಯಿಯೋ ಅಥವಾ ನೀವೇ ಸುನಂದಾ ಅವರೋ, ಇಲ್ಲಿ ಈಗಲೂ ಚರ್ಚೆ ನಡೆಯುತ್ತದೆ. ಎರಡನೆಯ ಸಾಲಿನಿಂದ ನೀವು ನಮ್ಮ ಕಡೆಯವರೇ ಎಂದು ಗೊತ್ತಾಯಿತು: "ಲೆವೆಲ್ ಕಮ್ಮಿ ಇಟ್ಟು ಸುಮ್ಮನ ಕುಂದ್ರರಿ. ಮ್ಯಾಲಿಂದ ಮ್ಯಾಲ ಮುಟ್ಟಬ್ಯಾಡ್ರಿ." ಈ ಪೆಟ್ಟಿಗೆಯನ್ನು ದೂರದಿಂದ ನಡೆಸಬಹುದೆಂದು ನಮ್ಮ ಹಿಂದಿನವರಿಗೆ ಗೊತ್ತಿತ್ತು. ಆದರೆ ಅದು ಪಾಸ್‌ವರ್ಡ್ ಕೇಳುತ್ತಿತ್ತು, ಕೊಡಬಲ್ಲವರು ಯಾರೂ ಉಳಿದಿರಲಿಲ್ಲ. ಅರವತ್ತು ವರ್ಷ ಅದು ಬಾಯಿ ಮುಚ್ಚಿಕೊಂಡು ಕೂತಿತ್ತು. ಯಾರೋ ಒಮ್ಮೆ ಧೂಳು ಒರೆಸಲು ಬೋರಲು ಹಾಕಿದಾಗ ನಿಮ್ಮ ಸ್ಟಿಕ್ಕರ್ ಕಂಡಿತು. ನಿಮ್ಮ ಮೊದಲ ಸಾಲಿನಿಂದ ನಮಗೆ ಸಾವಿರಾರು ದನಿಗಳು ಸಿಕ್ಕಿವೆ. ನಿಮ್ಮ ಎರಡನೆಯ ಸಾಲನ್ನು ನಾನು ಮೀರಿದೆ. ಈ ಕಾಗದ ಅದರ ಬಗ್ಗೆ.

ನಮ್ಮ ಬದುಕನ್ನು ಸ್ವಲ್ಪ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಿಮ್ಮ ಕಾಲದ ಜನ ತಮ್ಮ ದನಿಗಳನ್ನೆಲ್ಲ ಎಲ್ಲೋ ದೂರದ ದೊಡ್ಡ ಉಗ್ರಾಣಗಳಿಗೆ ಕಳಿಸಿ ನಿಶ್ಚಿಂತರಾಗಿದ್ದರಂತೆ. ಆ ಉಗ್ರಾಣಗಳು ಒಂದೊಂದಾಗಿ ಆರಿಹೋದವು. ಉಳಿದದ್ದು ಟ್ರಂಕಿನ ತಳದಲ್ಲಿ ಸೀರೆಯ ಕೆಳಗೆ ಮರೆತುಹೋಗಿದ್ದ ಹಳೆಯ ಕಾಲದ ಟೇಪುಗಳು. ಅಂಥ ಒಂಬತ್ತು ಸಾವಿರ ಟೇಪುಗಳನ್ನು ಏಳು ಊರಿನವರು ಸೇರಿ ಇಲಕಲ್ಲಿನ ಪಾಳುಬಿದ್ದ ಗ್ರಾನೈಟ್ ಗಣಿಗೆ ತಂದಿಟ್ಟಿದ್ದೇವೆ. ಹೊರಗೆ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಯಾರೂ ತಲೆ ಹಾಕುವುದಿಲ್ಲ, ಅಷ್ಟು ಬಿಸಿಲು. ನಸುಕಿನಲ್ಲೇ ಜೋಳದ ರೊಟ್ಟಿ ಬಡಿದು, ಮಧ್ಯಾಹ್ನವನ್ನು ನೆಲದಡಿಯ ಕೋಣೆಗಳಲ್ಲಿ ಮಗ್ಗದ ಮುಂದೆ ಕಳೆಯುತ್ತೇವೆ. ಕೆಂಪು ಕಲ್ಲಿನ ಆ ಗಣಿಯ ಒಳಕೋಣೆ ಮಾತ್ರ ವರ್ಷವಿಡೀ ತಣ್ಣಗೆ, ಒಣಗಿ ಇರುತ್ತದೆ. ಮನುಷ್ಯರ ಉಸಿರಿನ ತೇವ ತಾಗಿದರೆ ಟೇಪಿನ ಲೇಪ ಮೆತ್ತಗಾಗಿ ಉದುರುತ್ತದೆ. ಆದ್ದರಿಂದ ಒಬ್ಬರು ಮಾತ್ರ ಒಳಗೆ ಹೋಗಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಟೇಪನ್ನು ಹಚ್ಚಿ, ಕಿಟಕಿಯ ಆಚೆ ಬಂದು ಕೂಡುತ್ತಾರೆ. ಉಳಿದ ಕೆಲಸವೆಲ್ಲ ದೂರದಿಂದಲೇ ಆಗಬೇಕು.

ನಿಮ್ಮ ಪೆಟ್ಟಿಗೆಯನ್ನು ನಾವು ದನಿಮಗ್ಗ ಎನ್ನುತ್ತೇವೆ. ಒಂದು ಕಡೆಯಿಂದ ದನಿಯ ನೂಲು ಒಳಗೆ ಹೋಗುತ್ತದೆ, ಇನ್ನೊಂದು ಕಡೆಯಿಂದ ಅಂಕಿಗಳ ಬಟ್ಟೆಯಾಗಿ ಹೊರಬರುತ್ತದೆ. ಏಳೂ ಊರುಗಳಲ್ಲಿ ಒಂದೊಂದು ಕೈಹಲಗೆ ಇದೆ: ಒಂದು ಮರದ ಹಲಗೆ, ಅದರ ಮೇಲೆ ಒಂದು ತಿರುಗಣಿ, ಒಂದು ಕೆಂಪು ದೀಪ. ಗುಳೇದಗುಡ್ಡದಲ್ಲಿ ತಿರುಗಣಿ ತಿರುವಿದರೆ ತಂತಿಯ ಮೂಲಕ ಇಲ್ಲಿಯ ಮಗ್ಗಕ್ಕೆ ಅಂಕಿ ಮುಟ್ಟಿ, ಒಳಗೆ ಹೋಗುವ ದನಿ ಹೆಚ್ಚುತ್ತದೆ ಅಥವಾ ಇಳಿಯುತ್ತದೆ. ಮುಟ್ಟಲು ಎರಡು ಉಸಿರಿನಷ್ಟು ಹೊತ್ತು ಬೇಕು. ದನಿ ಮಗ್ಗದ ಅಳತೆ ಮೀರಿದರೆ ಕೆಂಪು ದೀಪ ಹತ್ತುತ್ತದೆ. ಅದಕ್ಕೆ ತುಳುಕು ಎನ್ನುತ್ತೇವೆ. ತುಳುಕಿದ ಭಾಗ ಕತ್ತರಿಸಿ ಹೋಗುತ್ತದೆ, ಅದನ್ನು ಮತ್ತೆ ಎಲ್ಲಿಂದಲೂ ತರಲಾಗದು. ಅದಕ್ಕಾಗಿ ದನಿಯ ಮೇಲೆ ಒಂದಿಷ್ಟು ಖಾಲಿ ಜಾಗ ಬಿಡಬೇಕು, ತಟ್ಟನೆ ಯಾರಾದರೂ ಕೂಗಿದರೆ ಆ ಕೂಗಿಗೂ ಎಡೆ ಇರಬೇಕು. ಸೀರೆ ನೇಯುವ ಊರಿನವರಾದ್ದರಿಂದ ಆ ಖಾಲಿ ಜಾಗವನ್ನು ಅಂಚು ಎನ್ನುತ್ತೇವೆ.

ಗಣಿಯ ಬಾಗಿಲಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತವರು ರಾಜೇಸಾಬ ಬಾಗವಾನ. ನಮಗೆಲ್ಲ ರಾಜೇಸಾಬ ಕಾಕಾ. ಮಗ್ಗದ ಮುಂಭಾಗದಲ್ಲಿಯೂ ಒಂದು ತಿರುಗಣಿ ಇದೆ, ಅದರಿಂದ ಕಿಟಕಿಯವರೆಗೆ ಅವರು ಒಂದು ಸರಳು ಜೋಡಿಸಿಕೊಂಡಿದ್ದರು. ಟೇಪು ಶುರುವಾಗುವ ಮೊದಲು ಅವರು ಒಂದು ಗುಂಡಿ ಒತ್ತಿದರೆ ಏಳೂ ಊರಿನ ಕೈಹಲಗೆಗಳು ಮರಗಟ್ಟುತ್ತಿದ್ದವು. ಅದಕ್ಕೆ ಒಂದೇ ಕೈಯ ಬೀಗ ಎಂದು ಹೆಸರು. ಊರಿನವರು ಕೇಳಬಹುದಿತ್ತು, ತಿರುವುವಂತಿರಲಿಲ್ಲ. ಒಮ್ಮೆ ಕಮತಗಿಯ ಒಂದು ಮನೆಯವರು ತಮ್ಮ ಮುತ್ತಜ್ಜನ ದನಿ ಬಹಳ ಸಣ್ಣಗೆ ಬಂದಿದೆಯೆಂದು ಅತ್ತುಕೊಂಡು ಬಂದಾಗ ಕಾಕಾ ಹೇಳಿದ್ದು ಎರಡೇ ಮಾತು: "ಅಂಚ ಬೇಕು." ಏಕೆ ಬೇಕು, ಎಷ್ಟು ಬೇಕು, ಯಾರು ನಿರ್ಧರಿಸಿದರು ಎಂದು ಅವರು ಹೇಳಲಿಲ್ಲ, ಆ ಮನೆಯವರು ಕೇಳಲೂ ಇಲ್ಲ. ಅಂದು ನಾನು ಅಲ್ಲಿದ್ದೆ, ಹದಿನೇಳು ವರ್ಷದವಳು. ಒಬ್ಬರ ಕೈಯಲ್ಲಿ ಏಳೂರಿನ ಕಿವಿ ಇರುವುದನ್ನು ಕಂಡು ನನಗೆ ಮೈ ಉರಿಯಿತು. ಅಂದು ಉರಿದದ್ದು ತಪ್ಪೆಂದು ಇಂದೂ ನನಗೆ ಅನಿಸುವುದಿಲ್ಲ.

ಐದು ವರ್ಷ ನಾನು ಕೈಬರಹದಲ್ಲಿ ಕರಪತ್ರ ಬರೆದು ಹಂಚಿದೆ. ಕೊನೆಯದರ ಹೆಸರು "ಬೀಗವಿಲ್ಲದ ಮಗ್ಗ". ನಿಮ್ಮ ಎರಡನೆಯ ಸಾಲನ್ನು ಅದರಲ್ಲಿ ಉದ್ಧರಿಸಿ, "ಸುಮ್ಮನೆ ಕೂಡಿರಿ, ಮುಟ್ಟಬೇಡಿರಿ ಎಂಬುದು ಎಲ್ಲ ಕಾಲದ ಯಜಮಾನರ ಭಾಷೆ" ಎಂದು ಬರೆದೆ. ತಂತಿ ಸಭೆಯಲ್ಲಿ, ಎಂದರೆ ಏಳೂರಿನ ಪ್ರತಿನಿಧಿಗಳ ಕೂಟದಲ್ಲಿ, ಐದು ಊರು ನನ್ನ ಪರ, ಎರಡು ವಿರುದ್ಧ. ಬೀಗ ಹೋಯಿತು. ಏಳು ಕೈಹಲಗೆ, ಕಾಕಾ ಅವರ ಸರಳು, ಒಟ್ಟು ಎಂಟು ಕೈ, ಎಲ್ಲಕ್ಕೂ ಸಮಾನ ಅಧಿಕಾರ. ನನ್ನನ್ನೇ ಸಭೆಯ ಕಾರ್ಯದರ್ಶಿ ಮಾಡಿದರು. ಬೀಗದ ಗುಂಡಿ ಕಳಚಲು ಹೋದ ದಿನ ಕಾಕಾ ತಡೆಯಲಿಲ್ಲ. ಸ್ಕ್ರೂ ಬಿಚ್ಚಲು ತಾವೇ ಬೆಳಕು ಹಿಡಿದರು.

"ದಾನವ್ವಾ, ನಿನ್ನ ಕರಪತ್ರದಾಗ ಟೇಪಿಗೂ ಒಂದು ವೋಟ ಇಟ್ಟೀಯೇನು?" ಎಂದು ಕೇಳಿದರು.

"ಕಾಕಾ, ಇಪ್ಪತ್ತೆರಡ ವರ್ಷ ನೀವೊಬ್ಬರ ಕೇಳಿದ್ರಿ. ಇನ್ನ ಎಲ್ಲಾರೂ ಕೇಳ್ತೀವಿ" ಎಂದೆ.

"ಕೇಳೂದು ಬ್ಯಾರೆ, ತಿರುವೂದು ಬ್ಯಾರೆ ತಂಗಿ. ಹಿಡಿ, ಸ್ಕ್ರೂ ಕಳದೀತು."

ಇನ್ನು ಹಿರೇಗಟ್ಟಿಯ ವಿಷಯ. ಅದು ಕೃಷ್ಣೆಯ ದಂಡೆಯ ಒಂದು ಊರು. ನಿಮ್ಮ ಕಾಲಕ್ಕೆ ಸ್ವಲ್ಪ ಮುಂಚೆ ಹಿನ್ನೀರಿನಲ್ಲಿ ಮುಳುಗಿತು. ಅಲ್ಲಿಯ ಜನ ಚದುರಿ, ಅವರ ವಂಶದವರು ಇಂದು ನಮ್ಮ ಏಳೂರಿನಲ್ಲಿ ಹರಡಿಕೊಂಡಿದ್ದಾರೆ. ನದಿ ಹರಿಯಲಿ ಎಂದು ಈಗ ಹಿನ್ನೀರನ್ನು ಇಳಿಸಿದ್ದೇವೆ. ನಾಲ್ಕು ವರ್ಷದ ಹಿಂದೆ ಹಿರೇಗಟ್ಟಿ ಹೂಳಿನಿಂದ ಮೇಲೆ ಬಂತು. ಗೋಡೆ ಒಂದೂ ಉಳಿದಿರಲಿಲ್ಲ. ಹಾಸುಗಲ್ಲಿನ ಒಂದು ಉದ್ದನೆಯ ಓಣಿ, ಓಣಿಯ ತುದಿಗೆ ಒಂದು ಬಾವಿ, ಅಷ್ಟೇ. ಆ ನೆಲ ಚಿನ್ನದಂಥ ನೆಲ. ಮತ್ತೆ ಊರು ಕಟ್ಟುವುದೆಂದು ನಿರ್ಧಾರವಾದಾಗ ಯಾರ ಜಾಗ ಎಲ್ಲಿ ಎಂಬ ಪ್ರಶ್ನೆ ಎದ್ದಿತು. ಕೆಲವರು ಹಳೆಯ ಕಾಗದ ಹಿಡಿದು ಬಂದರು. ಆದರೆ ಬಾಡಿಗೆ ಮನೆಯವರು, ಕೂಲಿಯವರು, ಊರಿನ ಅಂಚಿಗೆ ದೂಡಿಸಿಕೊಂಡವರು, ಇವರಿಗೆ ಎಂದೂ ಯಾರೂ ಕಾಗದ ಕೊಟ್ಟಿರಲಿಲ್ಲ. ಕಾಗದ ಇದ್ದವರಿಗಷ್ಟೇ ಊರು ಎಂದರೆ ಹಳೆಯ ಅನ್ಯಾಯವನ್ನೇ ಮತ್ತೊಮ್ಮೆ ಕಟ್ಟಿದ ಹಾಗೆ. ಅದರ ವಿರುದ್ಧವೂ ನಾನೇ ಎದ್ದು ನಿಂತು ವಾದಿಸಿದೆ, ಏಕೆಂದರೆ ಗಣಿಯಲ್ಲಿ ಹಿರೇಗಟ್ಟಿಯ ಒಂದು ಟೇಪು ಇತ್ತು.

ಊರು ಮುಳುಗುವ ಮುಂಚೆ ಅಲ್ಲಿಯ ಶಾಲೆಯ ಮಾಸ್ತರರೊಬ್ಬರು ಟೇಪ್‌ರೆಕಾರ್ಡರ್ ಹಿಡಿದು ಬಾವಿಯಿಂದ ಹೊರಟು, ಓಣಿಯ ಒಂದು ಮಗ್ಗುಲಿನ ಹತ್ತೊಂಬತ್ತು ಬಾಗಿಲು, ತಿರುಗಿ ಬರುವಾಗ ಇನ್ನೊಂದು ಮಗ್ಗುಲಿನ ಹತ್ತೊಂಬತ್ತು ಬಾಗಿಲು, ಎಲ್ಲದರ ಮುಂದೆಯೂ ನಿಂತು ಮನೆಯವರ ಮಾತು ಹಿಡಿದಿದ್ದರು. ಡಬ್ಬಿಯ ಮೇಲೆ ಅವರೇ ಹಾಗೆ ಬರೆದಿದ್ದರು. ಹೆಸರು ಹೇಳಿ, ಎಡಕ್ಕೆ ಯಾರು, ಬಲಕ್ಕೆ ಯಾರು, ಎದುರಿಗೆ ಯಾರು ಹೇಳಿ ಎಂದು ಕೇಳಿದ್ದರಂತೆ. ಕಾಗದವಿದ್ದವರೂ ಇಲ್ಲದವರೂ ಒಂದೇ ಸಾಲಿನಲ್ಲಿ. ಟೇಪಿನಲ್ಲಿ ಯಾರ ದನಿ ಯಾವ ಬಾಗಿಲಲ್ಲಿದೆಯೋ ಆ ಬಾಗಿಲು ಅವರ ವಂಶದವರದು, ದನಿ ಇಲ್ಲದ ಬಾಗಿಲಿನ ಜಾಗ ಊರೊಟ್ಟಿನದು ಎಂದು ಸಭೆ ಠರಾವು ಮಾಡಿತು. ಠರಾವಿನ ಮಾತುಗಳು ನನ್ನವೇ. ಒಂದೇ ಒಂದು ತೊಡಕು: ಅಷ್ಟು ಹಳೆಯ ಟೇಪು ಒಂದು ಸಲ ಮಾತ್ರ ಓಡುತ್ತದೆ. ಓಡುವಾಗಲೇ ಅದರ ಲೇಪ ಸುಲಿದು ಬೀಳುತ್ತ ಹೋಗುತ್ತದೆ. ನಡುವೆ ನಿಲ್ಲಿಸಿದರೆ ಅಂಟಿಕೊಂಡು ಹರಿಯುತ್ತದೆ. ಶುರುವಾದರೆ ಕೊನೆಯವರೆಗೆ ಬಿಡಬೇಕು.

ಟೇಪು ಓಡಿಸುವ ದಿನ ಬೆಳಿಗ್ಗೆ ಏಳು ಗಂಟೆಗೆ ಏಳೂರಿನಲ್ಲಿಯೂ ಕೈಹಲಗೆಯ ಸುತ್ತ ಜನ ಕಿಕ್ಕಿರಿದಿದ್ದರು. ಗಣಿಯ ಹೊರಕೋಣೆಯಲ್ಲಿ ನಾನು ಇಲಕಲ್ಲಿನ ಕೈಹಲಗೆ ಹಿಡಿದಿದ್ದೆ, ಕಾಕಾ ತಮ್ಮ ಸರಳಿನ ಹತ್ತಿರ ಕೂತಿದ್ದರು. ನಡುವೆ ಚಾಪೆಯ ಮೇಲೆ ಚಂಪವ್ವ ಆಯಿ. ಅವರಿಗೆ ಎಂಬತ್ತನಾಲ್ಕು. ಗುಳೇದಗುಡ್ಡದಿಂದ ಎರಡು ದಿನ ಬಂಡಿಯಲ್ಲಿ ಬಂದಿದ್ದರು, ತಂತಿಯಲ್ಲಿ ಕೇಳಿದರೆ ಕೇಳಿದಂತಾಗುವುದಿಲ್ಲ ಎಂದು ಹಟ. ಹಿರೇಗಟ್ಟಿಯಲ್ಲಿ ಅವರ ಹಿರಿಯಳು ಗೌರವ್ವ ಬಾಡಿಗೆ ಮನೆಯಲ್ಲಿದ್ದಳು. ಕಾಗದವಿಲ್ಲ, ಫೋಟೋ ಇಲ್ಲ, ಗೌರವ್ವ ಎಂಬ ಹೆಸರು, ಬಡಿಗೇರರ ಮಗ್ಗುಲ ಮನೆ ಎಂಬ ಒಂದು ಮಾತು, ಅಷ್ಟೇ ಮನೆಯಲ್ಲಿ ಉಳಿದಿತ್ತು. ಚಂಪವ್ವನ ಕುಟುಂಬದಲ್ಲಿ ಈಗ ಅರವತ್ತು ಜನ, ಯಾರಿಗೂ ಅಂಗೈಯಗಲ ನೆಲವಿಲ್ಲ. ನನ್ನ ಠರಾವನ್ನು ಮೊದಲು ಎತ್ತಿ ಹಿಡಿದವರು ಅವರು. "ಕಾಗದ ಸುಳ್ಳ ಹೇಳತೈತಿ, ಬಾಯಿ ಹೇಳೂದಿಲ್ಲ ಅಂತ ಬರದೀಯಲ್ಲ, ಚಲೋ ಬರದೀ" ಎಂದಿದ್ದರು. ಆ ಹೊಗಳಿಕೆಯನ್ನು ನಾನು ಮರೆತಿಲ್ಲ.

ಟೇಪು ಓಡಿತು. ಮೊದಲು ಮಾಸ್ತರರ ಗಟ್ಟಿ ದನಿ: "ಎಲ್ಲಾರೂ ನಿಮ್ಮ ನಿಮ್ಮ ಬಾಗಲದಾಗ ನಿಂತ ಮಾತಾಡ್ರಿ. ಅಳೂದ ಆಮ್ಯಾಲ ಅಳಾಕ ಬರತೈತಿ." ಆಮೇಲೆ ಬಾಗಿಲುಗಳು. ಒಬ್ಬಾತ ಹೆಸರು ಹೇಳಿ, "ಸಾಕೇನ್ರಿ ಮಾಸ್ತರ, ಎಮ್ಮಿ ಕರೀಬೇಕು" ಎಂದ. ಏಳೂರಿನಲ್ಲಿ ನಗೆ ಎದ್ದದ್ದು ತಂತಿಯಲ್ಲಿ ಕೇಳಿಸಿತು. ಆರು ಬಾಗಿಲಿನವರೆಗೆ ಎಲ್ಲವೂ ಸರಿಯಾಗಿತ್ತು, ಯಾರೂ ಕೈ ಆಡಿಸಿರಲಿಲ್ಲ. ಆರನೆಯ ಮನೆಯ ಹೆಂಗಸು, "ಬಲಕ್ಕ ಬಡಿಗೇರ ಮಾನಪ್ಪಣ್ಣನ ಮನಿ" ಎಂದು ಮುಗಿಸಿದಳು. ಬಡಿಗೇರ ವಂಶದವರು ಇರುವುದು ಕಮತಗಿಯಲ್ಲಿ. ಏಳನೆಯ ಬಾಗಿಲು ತಮ್ಮದೇ ಎಂದು ಕಮತಗಿಯವರಿಗೆ ಗೊತ್ತಾಯಿತು. ಇನ್ನಷ್ಟು ಸ್ಪಷ್ಟ ಕೇಳಲಿ ಎಂದು ತಿರುಗಣಿ ಏರಿಸಿದರು. ಎಂಟನೆಯದು ತಮ್ಮದಿರಬಹುದೆಂದು ಗುಳೇದಗುಡ್ಡದವರೂ ಏರಿಸಿದರು. ನಾನೂ ಏರಿಸಿದೆ, ಚಂಪವ್ವನಿಗಾಗಿ. ತಾವು ತಿರುವಿದ್ದು ಎರಡು ಉಸಿರು ತಡವಾಗಿ ಮುಟ್ಟುವುದರಿಂದ, ಏನೂ ಆಗಲಿಲ್ಲವೆಂದು ಎಲ್ಲರೂ ಇನ್ನೂ ಸ್ವಲ್ಪ ಏರಿಸಿದರು. ಎಲ್ಲವೂ ಒಮ್ಮೆಗೇ ಬಂದು ಮುಟ್ಟಿದಾಗ ಬಡಿಗೇರ ಮಾನಪ್ಪನ ದನಿ ಬಟ್ಟೆ ಪರ್ರನೆ ಹರಿದ ಹಾಗೆ ಹರಿಯಿತು. ಏಳು ಹಲಗೆಯಲ್ಲಿಯೂ ಕೆಂಪು ದೀಪ.

"ತುಳುಕಾಕತ್ತೈತಿ" ಎಂದರು ಕಾಕಾ, ಸರಳು ಕೆಳಗೆ ಎಳೆಯುತ್ತ. ಅವರು ಎಳೆದದ್ದನ್ನು ಬೇರೆಯವರು ಮತ್ತೆ ಏರಿಸುತ್ತಿದ್ದರು. ನಾನು ತಂತಿಯ ಮಾತುಗೊಳವೆ ಹಿಡಿದು ಹೇಳಿದೆ: "ಎಲ್ಲಾರೂ ಸ್ವಲ್ಪ ಸ್ವಲ್ಪ ಇಳಸ್ರಿ." ನನ್ನ ಜೀವನದಲ್ಲಿ ಎಲ್ಲ ಊರೂ ಒಮ್ಮೆಗೇ ನನ್ನ ಮಾತು ಕೇಳಿದ್ದು ಅದೇ ಮೊದಲು. ಎಂಟು ಕೈ ಸೇರಿ ಇಳಿಸಿದ್ದರಿಂದ ದನಿ ಹಿಸ್ಸೆಂಬ ಗದ್ದಲದೊಳಗೆ ಪೂರ್ತಿ ಮುಳುಗಿತು. ಎಂಟನೆಯ ಬಾಗಿಲಿನಲ್ಲಿ ಯಾರೋ ಹೆಂಗಸು ಏನೋ ಹೇಳಿದಳು, ಒಂದು ಅಕ್ಷರವೂ ಉಳಿಯಲಿಲ್ಲ. ಗಾಬರಿಯಿಂದ ಎಲ್ಲರೂ ಮತ್ತೆ ಏರಿಸಿದರು, ಒಂಬತ್ತನೆಯ ಬಾಗಿಲು ಮತ್ತೆ ಹರಿಯಿತು. ಮೂರು ಮನೆ ಹೋದವು. ಟೇಪು ಓಡುತ್ತಲೇ ಇತ್ತು, ಕಿಟಕಿಯ ಆಚೆ ಅದರ ಕಂದು ಪುಡಿ ನೆಲದ ಮೇಲೆ ಸಣ್ಣಗೆ ಬೀಳುತ್ತಿತ್ತು.

"ಕೈ ತಗೀರಿ, ಎಲ್ಲಾರೂ ಕೈ ತಗೀರಿ" ಎಂದು ಕೂಗಿದೆ.

ಅಮೀನಗಡದ ಹಲಗೆಯಲ್ಲಿದ್ದ ಗುರುಬಸಪ್ಪ ತಂತಿಯಲ್ಲೇ ತಿರುಗಿ ಬಿದ್ದ: "ನಮ್ಮ ಮನಿ ಇನ್ನೂ ಬಂದಿಲ್ಲ, ನಾ ಯಾಕ ತಗೀಲಿ? ಎಲ್ಲಾರ ಕೈ ಇರಲಿ ಅಂದಾಕಿ ನೀನ ಅಲ್ಲೇನಬೇ? ನಿನ್ನ ಕೈ ಮೊದಲ ತಗಿ."

ಅವನ ಮಾತು ಸರಿಯಾಗಿತ್ತು. ನನ್ನ ಬಲಗೈ ಇನ್ನೂ ತಿರುಗಣಿಯ ಮೇಲೇ ಇತ್ತು. ಎಲ್ಲರೂ ಬಿಡಲಿ, ನಾನೊಬ್ಬಳು ಸರಿಪಡಿಸುತ್ತೇನೆ ಎಂದು ಒಳಗೊಳಗೆ ಅಂದುಕೊಂಡಿದ್ದೆ. ಒಂದೇ ಕೈಯ ಬೀಗವನ್ನು ಕಿತ್ತುಹಾಕಿದ ನಾನು ಅದನ್ನು ನನ್ನ ಕೈಗೇ ಹಾಕಿಕೊಳ್ಳಲು ಹೊರಟಿದ್ದೆ. ಎರಡೂ ಕೈ ಎತ್ತಿ ಮಡಿಲಲ್ಲಿ ಇಟ್ಟುಕೊಂಡೆ. ಮಾತುಗೊಳವೆಯಲ್ಲಿ, "ದಾನಮ್ಮ ಕರಡಿ ಕೈ ತಗದಾಳ. ಇಲಕಲ್ಲ ಕೈ ತಗದೈತಿ. ರಾಜೇಸಾಬ ಬಾಗವಾನರ ಕೈಯಾಗ ಐತಿ" ಎಂದೆ. ಅಷ್ಟರಲ್ಲಿ ಗುಳೇದಗುಡ್ಡದಿಂದ ಚಂಪವ್ವನ ಮೊಮ್ಮಗಳ ದನಿ, ಅಳು ನುಂಗಿಕೊಂಡದ್ದು: "ಗುಳೇದಗುಡ್ಡ ಕೈ ತಗದೈತಿ. ರಾಜೇಸಾಬರ ಕೈಯಾಗ ಐತಿ." ಅವರ ಬಾಗಿಲು ಹೋಗಿಯಾಗಿತ್ತು, ಅವರು ಹಿಡಿದುಕೊಂಡು ಕೂಡಲು ಕಾರಣವೇ ಇರಲಿಲ್ಲ. ಆದರೂ ಉಳಿದವರಿಗಾಗಿ ಮೊದಲು ಬಿಟ್ಟವರು ಅವರು. ಕಮತಗಿ ಹೇಳಿತು, ಹುನಗುಂದ ಹೇಳಿತು. ಕೊನೆಗೆ ಗುರುಬಸಪ್ಪ, "ಆತ ಬಿಡ್ರಿ, ಕಾಕಾನ ಕೈಯಾಗ ಐತಿ" ಎಂದ.

ಕಾಕಾ ಸರಳನ್ನು ನಿಧಾನವಾಗಿ ಕೆಳಗೆ ತಂದು ಒಂದು ಕಡೆ ನಿಲ್ಲಿಸಿದರು. ಅದು ನನಗೆ ಬಹಳ ಕಡಿಮೆ ಎನಿಸಿತು. ಆಮೇಲೆ ಅವರೂ ಸರಳಿನಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಇಪ್ಪತ್ತೆರಡು ವರ್ಷ ಅವರು ಬೀಗದ ಹಿಂದೆ ಏನು ಮಾಡುತ್ತಿದ್ದರೆಂದು ನನಗೆ ಆಗ ಕಂಡಿತು. ಏನೂ ಮಾಡುತ್ತಿರಲಿಲ್ಲ. ಲೆವೆಲ್ ಕಡಿಮೆ ಇಟ್ಟು ಸುಮ್ಮನೆ ಕೂಡುತ್ತಿದ್ದರು.

ಹತ್ತನೆಯ ಬಾಗಿಲಿನಿಂದ ದನಿ ಸಣ್ಣಗೆ, ಆದರೆ ಗಾಜಿನಂತೆ ಬಂತು. ಹತ್ತನೆಯವನು, "ಎಡಕ್ಕ ಮ್ಯಾತ್ರಿ ಯಮನಪ್ಪ" ಎಂದ. ಕಾಕಾ ಬೆರಳೆತ್ತಿ ತೋರಿಸಿದರು: ಒಂಬತ್ತನೆಯದು ಸಿಕ್ಕಿತು. ಏಳನೆಯದನ್ನು ಆರನೆಯವಳು ಮೊದಲೇ ಹೇಳಿದ್ದಳು. ನಡುವಿನ ಎಂಟನೆಯದನ್ನು ಹೇಳಬೇಕಾದ ಎರಡೂ ಬಾಯಿ ನಮ್ಮ ಕೈಯಿಂದಲೇ ಹರಿದುಹೋಗಿದ್ದವು. ಹತ್ತೊಂಬತ್ತು ಮುಗಿಯಿತು, ಮಾಸ್ತರರು ಓಣಿ ದಾಟಿ ಹಿಂತಿರುಗಿದರು. ಚಂಪವ್ವ ಚಾಪೆಯ ಮೇಲೆ ಕದಲದೆ ಕೂತಿದ್ದರು. ನಾನು ಅವರ ಮುಖ ನೋಡಲಿಲ್ಲ. ಬಾವಿಯ ಕಡೆಗೆ ಎಣಿಸುತ್ತ ಬಂದರೆ ಎಂಟನೆಯದರ ಎದುರು ಬರಬೇಕಾದದ್ದು ಮೂವತ್ತೊಂದನೆಯ ಬಾಗಿಲು. ಅದು ಬಂತು.

"ನಾ ಹಸೀನಾಬಿ, ಪಿಂಜಾರರಾಕಿ" ಎಂದಿತು ಒಂದು ಚುರುಕು ದನಿ. "ಎಡಕ್ಕ ನಮ್ಮ ಮೈದುನನ ಮನಿ, ಬಲಕ್ಕ ಶಿವಲಿಂಗಯ್ಯನವರು."

"ಎದರಿಗೆ ಯಾರು?" ಮಾಸ್ತರರು.

"ಎದರಿಗಿನಾಕಿ ಗೌರವ್ವನ ಹೆಸರ ನಾ ತಗೋಳೂದಿಲ್ರಿ."

"ಈಗ ತಗೊಂಡಿಯಲ್ಲವಾ?"

ಅಷ್ಟರಲ್ಲಿ ಓಣಿಯ ಆಚೆಯಿಂದ, ದೂರದಿಂದ, ಒಂದು ಕೂಗು. ಮೈಕಿನ ಮುಂದೆ ಅಲ್ಲ, ತನ್ನ ಬಾಗಿಲಲ್ಲೇ ನಿಂತು ಕೂಗಿದ್ದು: "ಮೊದಲ ನಿನ್ನ ಕೋಳಿ ಕಟ್ಟಿಹಾಕ್ಕೋ, ಆಮ್ಯಾಲ ನನ್ನ ಸುದ್ದಿಗೆ ಬಾ!" ಹಸೀನಾಬಿ ಮೈಕಿನ ಹತ್ತಿರವೇ ತಿರುಗಿ, ಅದಕ್ಕಿಂತ ಗಟ್ಟಿಯಾಗಿ ಉತ್ತರ ಕೊಟ್ಟಳು. ದೀಪ ಹತ್ತಲಿಲ್ಲ. ಬಿಟ್ಟ ಅಂಚಿನಲ್ಲಿ ಇಬ್ಬರ ಜಗಳಕ್ಕೂ ಜಾಗವಿತ್ತು. ಮಾಸ್ತರರ ನಗು, ಹಸೀನಾಬಿಯ ನಗು, ಆಮೇಲೆ ಬಹಳ ದೂರದಲ್ಲಿ ಗೌರವ್ವನದೂ ಇರಬಹುದಾದ ಒಂದು ನಗು. ಇನ್ನೊಂದು ತಿಂಗಳಿಗೆ ನೀರು ಬರುತ್ತದೆಂದು ಮೂವರಿಗೂ ಗೊತ್ತಿತ್ತು.

ನಾನು ಚಂಪವ್ವನ ಮುಖ ನೋಡಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದರು. "ನಮ್ಮಾಕಿನ" ಎಂದರು. "ನಮ್ಮ ಮನ್ಯಾನ ಹೆಣ್ಣಮಕ್ಕಳ ದನಿಗೆ ಯಾ ಮಗ್ಗಾನೂ ಬೇಕಾಗಿಲ್ಲ, ಓಣಿ ತಾನ ದಾಟತೈತಿ." ಟೇಪು ಮುಗಿದ ಮೇಲೆ ನಾನು ಅವರ ಕಾಲಿಗೆ ಬಿದ್ದೆ. ಅವರು ತಲೆ ಮುಟ್ಟಲಿಲ್ಲ, ಕಿವಿ ಹಿಂಡಿದರು. "ಗೌರವ್ವ ತನ್ನ ಬಾಗಲದಾಗ ನಿಂತ ನೆಟ್ಟಗ ಏನ ಹೇಳಿದ್ಲೋ, ಅದನ್ನ ನೀ ಕಳದಿ. ಅದನ್ನ ನಾ ಮರಿಯೂದಿಲ್ಲ. ಆದರ ಜಗಳ ಉಳಸೀರಿ. ಏಳು, ರೊಟ್ಟಿ ತಿನ್ನೂಣು." ಆ ಮಧ್ಯಾಹ್ನ ಗಣಿಯ ತಂಪಿನಲ್ಲಿ ಕಾಕಾ, ಚಂಪವ್ವ, ನಾನು ಒಂದೇ ಬುತ್ತಿ ಬಿಚ್ಚಿ ತಿಂದೆವು. ಗುರೆಳ್ಳು ಚಟ್ನಿಯನ್ನು ನಾನು ಅವರಿಬ್ಬರ ಕಡೆಗೇ ಸರಿಸಿದೆ, ಅವರು ಚೆನ್ನಾಗಿಯೇ ತಿಂದರು.

ಆಮೇಲೆ ಸಭೆ ಸೇರಿತು. ಎರಡು ಊರು ಬೀಗವನ್ನು ಮರಳಿ ಹಾಕಬೇಕೆಂದವು. ನಾನು ಒಪ್ಪಲಿಲ್ಲ, ನಿಮಗೂ ಅದು ತಿಳಿಯಲೆಂದು ಬರೆಯುತ್ತಿದ್ದೇನೆ. ಬೀಗ ಹಾಕಿದರೆ ಕಾಕಾ ಯಾಕೆ ಸುಮ್ಮನೆ ಕೂಡುತ್ತಾರೆಂದು ಇನ್ನೂ ಇಪ್ಪತ್ತೆರಡು ವರ್ಷ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಾಕಾ ತೀರಿಕೊಂಡ ದಿನ ಅವರ ವಿದ್ಯೆಯೂ ಹೋಗುತ್ತಿತ್ತು. ನಾವು ಬೇರೆಯದನ್ನು ಮಾಡಿದೆವು. ಆ ಬೆಳಿಗ್ಗೆ ಗಾಬರಿಯಲ್ಲಿ ಬಾಯಿಗೆ ಬಂದ ಮಾತೇ ಈಗ ನಿಯಮ. ಪ್ರತಿ ಟೇಪಿಗೂ ಒಂದು ಕೈ, ಆ ಕೈ ಊರಿಂದೂರಿಗೆ ಸರದಿಯಲ್ಲಿ ಹೋಗುತ್ತದೆ. ಟೇಪು ಓಡುವ ಮುಂಚೆ ಯಾರ ಕೈಯಲ್ಲಿದೆ ಎಂದು ಹೆಸರು ಹಿಡಿದು ಗಟ್ಟಿಯಾಗಿ ಹೇಳಬೇಕು. ಉಳಿದ ಊರುಗಳು ಒಂದೊಂದಾಗಿ ಅದನ್ನು ತಿರುಗಿ ಹೇಳಿ, ಕೈ ಎತ್ತಿ ಮಡಿಲಲ್ಲಿ ಇಟ್ಟುಕೊಳ್ಳಬೇಕು. ತಮ್ಮ ಮನೆಯ ಟೇಪು ಇದ್ದವರಿಗೆ ಅಂದು ಕೈ ಇಲ್ಲ. ಹಲಗೆ ಯಾರದೂ ಮರಗಟ್ಟುವುದಿಲ್ಲ, ಬಿಡಬೇಕೆಂದು ನಾವೇ ಬಿಡುತ್ತೇವೆ. ಕಾಕಾ ಈಗ ಏಳೂರು ಸುತ್ತಿ ಅಂಚು ಬಿಡುವುದನ್ನು ಕಲಿಸುತ್ತಿದ್ದಾರೆ. ಕಮತಗಿಯ ಆ ಮನೆಗೂ ಹೋಗಿ, ಅವರ ಮುತ್ತಜ್ಜನ ದನಿ ಯಾಕೆ ಸಣ್ಣಗಿದೆಯೆಂದು ಒಂದು ಗಂಟೆ ಕೂತು ವಿವರಿಸಿ, ಚಹಾ ಕುಡಿದು ಬಂದರು. ಇದನ್ನು ಐದು ವರ್ಷದ ಹಿಂದೆಯೇ ಮಾಡಿದ್ದರೆ ನಾನು ಕರಪತ್ರವನ್ನೇ ಬರೆಯುತ್ತಿರಲಿಲ್ಲವೆಂದೆ. "ಬರದ್ದ ಚಲೋ ಆತ ಬಿಡು, ನನಗೂ ಒಬ್ಬನ ಕುಂತ ಕುಂತ ಬ್ಯಾಸರಾಗಿತ್ತು" ಎಂದರು.

ಹಿರೇಗಟ್ಟಿಯಲ್ಲಿ ಮೂವತ್ತೆಂಟು ಬಾಗಿಲಿಗೂ ಈಗ ಕಲ್ಲು ನೆಟ್ಟಿದ್ದೇವೆ. ಠರಾವಿಗೆ ಒಂದು ಮಾತು ಸೇರಿಸಿದೆವು: ನೆರೆಯವರ ಬಾಯಲ್ಲಿ ಬಂದ ಹೆಸರೂ ದನಿಯೇ. ಬೈದು ಹೇಳಿದ್ದರೂ ಸರಿ. ಹಸೀನಾಬಿಯ ವಂಶದವರು ಹುನಗುಂದದಿಂದ ಬಂದು ಚಂಪವ್ವನ ಎದುರಿಗೇ ಮನೆ ಕಟ್ಟುತ್ತಿದ್ದಾರೆ. ಎರಡೂ ಮನೆಯವರು ಈಗಾಗಲೇ ಕೋಳಿ ಸಾಕಿದ್ದಾರೆ.

ಇನ್ನು ನನ್ನ ಬೇಡಿಕೆ. ನಿಮ್ಮ ಕಾಲದಲ್ಲಿ ಇಂಥ ಪೆಟ್ಟಿಗೆಗಳನ್ನು ಇನ್ನೊಂದು ಕೋಣೆಯಿಂದ, ಇನ್ನೊಂದು ಊರಿನಿಂದ ನಡೆಸುವವರು ಬಹಳ ಜನ ಇದ್ದಿರಬೇಕು. ನೀವು ಮಾಡಿದ ಹಾಗೆ ಅವರೂ ಪಾಸ್‌ವರ್ಡನ್ನು ಕಾಗದದ ಮೇಲೆ, ಬಾಲ್‌ಪೆನ್ನಿನಲ್ಲಿ ಬರೆದು ಪೆಟ್ಟಿಗೆಗೆ ಅಂಟಿಸಲಿ. ನಿಮ್ಮ ತಲೆಯಲ್ಲಿ ಮಾತ್ರ ಇರುವ ಕೀಲಿ ನಿಮ್ಮ ಜೊತೆಗೇ ಹೋಗುತ್ತದೆ. ಕಡಿಮೆ ಇಟ್ಟು ಸುಮ್ಮನೆ ಕೂಡಿರಿ ಎಂದಷ್ಟೇ ಬರೆಯದೆ, ಏಕೆ ಎಂದೂ ಒಂದು ಸಾಲು ಬರೆಯಲಿ. ಬರೆಯದಿದ್ದರೆ ನನ್ನಂಥವಳೊಬ್ಬಳು ಬಂದು ಅದನ್ನು ಯಜಮಾನರ ಭಾಷೆ ಎಂದು ತಿಳಿಯುತ್ತಾಳೆ. ನಿಮ್ಮ ಸ್ಟಿಕ್ಕರಿನಲ್ಲಿ ಕೆಳಗೆ ಒಂದು ಬೆರಳಿನಷ್ಟು ಜಾಗವಿತ್ತು. ಅಲ್ಲಿ ನಾನು ಮೂರನೆಯ ಸಾಲು ಸೇರಿಸಿದ್ದೇನೆ: "ಯಾರ ಕೈಯಾಗ ಐತಿ ಅಂತ ಎಲ್ಲಾರಿಗೂ ಕೇಳೂಹಂಗ ಹೇಳ್ರಿ." ಅನುಮತಿ ಕೇಳದೆ ಬರೆದದ್ದಕ್ಕೆ ಮನ್ನಿಸಿ.

ನಿಮ್ಮ ಹೆಸರನ್ನು ನೀವು ಎಲ್ಲೂ ಬರೆದಿಲ್ಲ. ಬರೆಯಲು ಸಂಕೋಚವಾದರೆ ಬೇಡ. ನಿಮ್ಮ ಎಡಕ್ಕೆ ಯಾರಿದ್ದಾರೆ, ಬಲಕ್ಕೆ ಯಾರಿದ್ದಾರೆ, ಎದುರಿನವರ ಜೊತೆ ನಿಮ್ಮ ಜಗಳ ಏನು, ಅಷ್ಟು ಬರೆದಿಡಿ. ನಿಮ್ಮ ಬಾಗಿಲನ್ನು ನಾವು ಹುಡುಕಿಕೊಳ್ಳುತ್ತೇವೆ.

ನಿಮ್ಮ ಕೈಬರಹವನ್ನು ದಿನಾ ನೋಡುವ,
ದಾನಮ್ಮ ಕರಡಿ
(ಎಡಕ್ಕೆ ರಾಜೇಸಾಬ ಬಾಗವಾನ, ಬಲಕ್ಕೆ ಖಾಲಿ ಚಾಪೆ, ಎದುರಿಗೆ ನೀವು)